ಹುಣಸೆ ಬೀಜದ ಲೆಕ್ಕ

ಪಟ್ಟಣದ ಮನೆಗಳಲ್ಲಿ ಈಗ ಮಕ್ಕಳ ಕೈಗೆ ಕೆಲಸ ಕೊಡುವುದಕ್ಕೂ ಪೆಟ್ಟಿಗೆಗಳು ದೊರೆಯುತ್ತವೆ. ಮುಚ್ಚಳ ತೆರೆದರೆ ಬಣ್ಣದ ಮಣಿ, ಮರದ ಅಂಕಿ, ಜೊತೆಗೆ ಇವನ್ನು ಆಡಿಸುವ ಬಗೆಯನ್ನು ತಾಯಿಗೆ ತಿಳಿಸುವ ಕಿರುಹೊತ್ತಗೆ. ಮಗು ಆ ಹೊತ್ತಗೆಯನ್ನು ಹರಿಯುವುದರಿಂದಲೇ ಪಾಠ ಆರಂಭವಾಗುವುದುಂಟು. ಕೊಂಡವರನ್ನು ಕಂಡು ನಗಬೇಕಾದುದಿಲ್ಲ. ಕೈ ಆಡಿದ ಹೊರತು ಎಳೆಯ ಬುದ್ಧಿ ಆಡದೆಂಬುದು ನಿಜವೇ. 1939ರಲ್ಲಿ ಮದರಾಸಿಗೆ ಬಂದ ಮಾರಿಯಾ ಮಾಂಟೆಸರಿಯವರು ನಮ್ಮ ದೇಶದ ಶಿಕ್ಷಕರಿಗೆ ಕಲಿಸಿದುದೂ ಇದನ್ನೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಅಜ್ಜಿಯರಿಗೆ ಮಾತ್ರ ಈ ಸಮಾಚಾರವನ್ನು ಯಾರೂ ಹೇಳಬೇಕಾಗಿರಲಿಲ್ಲ.

ಶಾಲೆಯ ಆಡಳಿತದಲ್ಲಿ ಈ ನಾಲ್ಕು ತಾಲ್ಲೂಕುಗಳೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕಡಿಮೆಯಾದ ಸೀಮೆ. ಹುಣಸೆಗೂ ಕಡಲೆಕಾಯಿಗೂ ಹೆಸರಾದುದು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಅಲ್ಲಿ ಹುಣಸೆಹಣ್ಣು ಬಿಡಿಸುವ ಕಾಲ. ತಂದೆತಾಯಿಗಳು ಕೆಲಸಕ್ಕೆ ಹೋದ ಮನೆಯಲ್ಲಿ ಅಜ್ಜಿಯೂ ಮೊಮ್ಮಗುವೂ, ನಡುವೆ ಬೀಜದ ರಾಶಿಯೂ ಉಳಿದವು.

ಮೊದಲ ಕೆಲಸ ತಿಕ್ಕುವುದು. ನಾಲ್ಕು ಬೀಜಗಳನ್ನು ಆರಿಸಿ, ಕಲ್ಲಿನ ಮೇಲೆ ಒಂದೊಂದರ ಒಂದು ಮಗ್ಗುಲು ಬೆಳ್ಳಗಾಗುವವರೆಗೆ ತಿಕ್ಕಬೇಕು. ಐದು ವರ್ಷದ ಬೆರಳಿಗೆ ಇದು ಸಣ್ಣ ಕೆಲಸವಲ್ಲ. ಅವನ್ನು ಎರಚಿದರೆ ಚೌಕಾಬಾರದ ದಾಳ ಸಿದ್ಧ. ನಾಲ್ಕೂ ಬಿಳಿ ಬಿದ್ದರೆ 4, ನಾಲ್ಕೂ ಕಪ್ಪು ಬಿದ್ದರೆ 8.

ಅಳಗುಳಿಮಣೆ ಇದಕ್ಕಿಂತ ಘನವಾದ ಶಾಲೆ. ಎರಡು ಸಾಲಿಗೆ ಏಳೇಳರಂತೆ 14 ಗುಳಿ. ಐದೈದು ಬೀಜವಿಟ್ಟರೆ 70. ಒಂದು ಗುಳಿಯ ಬೀಜವನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿ ಖಾಲಿಯಿದ್ದರೆ, ಅದನ್ನು ಸವರಿ ಅದರಾಚೆಯದನ್ನು ಗೆದ್ದುಕೊಳ್ಳಬಹುದು. ಎಲ್ಲಿ ಎತ್ತಿದರೆ ಎಲ್ಲಿ ಮುಗಿದೀತೆಂದು ಮಗು ಮೊದಮೊದಲು ಬೆರಳಿಟ್ಟು ಎಣಿಸುತ್ತದೆ. ಕೆಲವು ದಿನಗಳಲ್ಲಿ ಕಣ್ಣಿನಿಂದಲೇ ಎಣಿಸುತ್ತದೆ. ಕೂಡುವುದೂ ಕಳೆಯುವುದೂ ತಲೆಯೊಳಕ್ಕೆ ಹೋಗುವ ಗಳಿಗೆ ಅದೇ. ಮೊಮ್ಮಗನೆಂದು ಅಜ್ಜಿ ಸೋತುಕೊಡುವುದಿಲ್ಲ. “ಎತ್ತೋ ಮುಂಚೆ ಎಣಿಸ್ಕೋ ಮಗ” ಎನ್ನುವುದಷ್ಟೇ ಅವಳ ಉಪದೇಶ.

ಇನ್ನು ಅಳತೆ. 1956ರ ಕಾಯಿದೆಯಿಂದ ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದಿತಾದರೂ ಅಡುಗೆಮನೆಯ ಪಾವು ಹೊರಟುಹೋಗಲಿಲ್ಲ. ಎರಡು ಪಾವು ರಾಗಿ ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಸುರಿದು ನೋಡಿದ ಮಗುವಿಗೆ ಕಾಲು, ಅರೆ, ಮುಕ್ಕಾಲುಗಳು ಹಲಗೆಯ ಮೇಲಿನ ಗೆರೆಗಳಾಗಿ ಉಳಿಯುವುದಿಲ್ಲ. ಬಹುಪಾಲು ಆಂಧ್ರದಿಂದ ಸುತ್ತುವರಿದ ಪಾವಗಡದಲ್ಲಂತೂ ಮನೆಯ ಎಣಿಕೆ ತೆಲುಗಿನಲ್ಲಿ, ಶಾಲೆಯದು ಕನ್ನಡದಲ್ಲಿ ಆಗಿರುವ ಮಕ್ಕಳುಂಟು. ಒಂದೇ ರಾಶಿಯನ್ನು ಎರಡು ಭಾಷೆಯಲ್ಲಿ ಎಣಿಸಿದರೂ ಬೀಜ ಹೆಚ್ಚುಕಡಿಮೆಯಾಗದೆಂಬುದನ್ನು ಅವರು ಬೇಗ ಕಂಡುಕೊಳ್ಳುತ್ತಾರೆ.

ಇಷ್ಟು ದೂರ ಬಂದ ವಿದ್ಯೆ ಅಕ್ಷರದ ಬಾಗಿಲಿಗೆ ಬಂದು ನಿಂತುಬಿಡುತ್ತಿತ್ತು. ಅಜ್ಜಿ ತಟ್ಟೆಯಲ್ಲಿ ರಾಗಿ ಹರಡಿ, ಅಂಗೈಯಿಂದ ಸಮಮಾಡಿ, ಬರೆಯೆನ್ನುವಳು. ಮಗು ಬರೆದು, “ಸರಿಯಾ ಅಜ್ಜಿ?” ಎಂದು ಮುಖ ನೋಡುವುದು. ಶಾಲೆಯ ಮೆಟ್ಟಿಲು ಹತ್ತದ ಆಕೆ ಏನು ಹೇಳಬೇಕು? “ನಿಮ್ಮಪ್ಪ ಬರ್ಲಿ, ತೋರ್ಸು” ಎನ್ನುವಳು. ಅಪ್ಪ ಬರುವಷ್ಟರಲ್ಲಿ ರಾತ್ರಿ. ರಾಗಿ ಅಷ್ಟುಹೊತ್ತಿಗೆ ಹಿಟ್ಟಾಗಿರುವುದೂ ಉಂಟು. ಮನೆಯೇ ಪಾಠಶಾಲೆಯೆಂದು ಹೊಗಳುವವರು ಈ ತಟ್ಟೆಯ ಮುಂದೆ ಒಂದು ಗಳಿಗೆ ಕುಳಿತುಕೊಳ್ಳಬೇಕು.

2020ರ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ವನ್ನು ಆರಂಭಿಸಿತು. ಶಿಕ್ಷಕರೇ ಊರುಗಳಿಗೆ ಹೋಗಿ, ಬಯಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿದ್ದಿಸುವ ಏರ್ಪಾಟು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ತಡೆಯಿತು. ತಟ್ಟೆಯಲ್ಲಿ ಸೊಟ್ಟಗೆ ಹುಟ್ಟಿದ ಅಕ್ಷರ ಸೊಟ್ಟಗೇ ಬೆಳೆಯಿತು.

ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ಸರ್ಕಾರಿ ಶಾಲೆಗಳ ಎಳೆಯ ತರಗತಿಗಳಲ್ಲಿ ನಡೆಯುವ ‘ನಲಿ-ಕಲಿ’, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಪದ್ಧತಿ, ಕೈಯಾಡಿಸಿ ಕಲಿಯುವುದನ್ನೇ ನಂಬಿದುದು. ಬೀಜ ಎಣಿಸಿ ಬಂದ ಮಗುವಿಗೆ ಅಲ್ಲಿನ ಕಡ್ಡಿಗಳೂ ಕಾರ್ಡುಗಳೂ ಬೆದರಿಕೆಯಾಗಲಿಲ್ಲ. ಎರಡನೆಯ ತರಗತಿಯಲ್ಲಿ ಕುಳಿತು ಒಂದನೆಯ ತರಗತಿಯ ಅಕ್ಷರ ತಿದ್ದಬೇಕಾಯಿತು. ಕೂಡುವ ಲೆಕ್ಕಕ್ಕೆ ಮಾತ್ರ ಅದು ಬೆರಳು ಮಡಿಸಲಿಲ್ಲ.