ಗುಣವಾಗದ ವ್ಯಾಧಿ, ನಿಲ್ಲದ ಶುಶ್ರೂಷೆ

ರೋಗವೆಂದೊಡನೆ ಔಷಧ, ಔಷಧವೆಂದೊಡನೆ ಗುಣ—ಇದು ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿರುವ ಎಣಿಕೆ. ಆದರೆ ಮಾನವ ಶರೀರಕ್ಕೆ ಒದಗುವ ವ್ಯಾಧಿಗಳೆಲ್ಲವೂ ಗುಣವಾಗುವಂಥವಲ್ಲ. ಚಿಕಿತ್ಸೆ ಮುಗಿಯಿತೆಂದು ವೈದ್ಯರು ಹೇಳಿದ ಮೇಲೆಯೂ ರೋಗಿಯು ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿರುತ್ತಾನೆ. ಆ ದಿನಗಳು ಯಾರ ಪಾಲಿನವು? ಆ ನೋವಿಗೆ ಹೊಣೆ ಯಾರು? ಈ ಪ್ರಶ್ನೆಯನ್ನು ನಾನು ಗ್ರಂಥಗಳಿಂದ ಅರಿತವನಲ್ಲ. ನನ್ನ ಅಣ್ಣನವರ ಹಾಸಿಗೆಯ ಬದಿಯಲ್ಲಿ ಕುಳಿತು ಅರಿತವನು.

ಅಣ್ಣನವರಿಗೆ ಬಂದದ್ದು ಬಾಯಿಯ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಎರಡೂ ಆಗಿ ವರ್ಷ ತುಂಬುವುದರೊಳಗೆ ರೋಗವು ಮರಳಿ ಕೊರಳಿಗೆ ಇಳಿಯಿತು. ದೊಡ್ಡ ಆಸ್ಪತ್ರೆಯೊಂದರಲ್ಲಿ, “ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂದರು. ರೋಗದ ಮಟ್ಟಿಗೆ ಆ ಮಾತು ನಿಜ. ರೋಗಿಯ ಮಟ್ಟಿಗೆ ನಿಜವಲ್ಲ. ಅಣ್ಣನವರು ರಾತ್ರಿಯೆಲ್ಲ ಗೋಡೆಗೊರಗಿ ಕುಳಿತಿರುತ್ತಿದ್ದರು. ಹುಣ್ಣಿನ ವಾಸನೆಗೆ ನಾಚಿ ಮೊಮ್ಮಕ್ಕಳನ್ನು ಹತ್ತಿರ ಬರಗೊಡುತ್ತಿರಲಿಲ್ಲ. ನೆಂಟರಿಷ್ಟರು ಬಂದು, ಬಾಗಿಲಲ್ಲಿ ನಿಂತು, ಏನು ಮಾತನಾಡಬೇಕೆಂದು ತಿಳಿಯದೆ ಹಿಂದಿರುಗುತ್ತಿದ್ದರು. ಅತ್ತಿಗೆಯವರ ಅಳು ಅಡುಗೆಮನೆಯನ್ನು ದಾಟಿ ಬರುತ್ತಿರಲಿಲ್ಲ.

ಆಗ ಹಿತೈಷಿಗಳೊಬ್ಬರು ಬೆಂಗಳೂರಿನ ಕರುಣಾಶ್ರಯವನ್ನು ತಿಳಿಸಿದರು. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸಂಸ್ಥೆಗಳು ಕೂಡಿ 1994ರಲ್ಲಿ ಸ್ಥಾಪಿಸಿದ ಧರ್ಮದತ್ತಿಯಿದು. ಮರುವರ್ಷವೇ ಮನೆಮನೆಗೆ ಹೋಗಿ ಆರೈಕೆ ಮಾಡುವ ಸೇವೆಯೂ, 1999ರಲ್ಲಿ ರೋಗಿಗಳು ತಂಗುವ ಆಶ್ರಯವೂ ಆರಂಭವಾದವು. ರೋಗಿಯಿಂದ ಹಣ ಪಡೆಯುವ ಪದ್ಧತಿ ಅಲ್ಲಿಲ್ಲ.

ನಮ್ಮ ಮನೆಗೆ ಬಂದವರು ಒಬ್ಬ ದಾದಿ, ಒಬ್ಬ ಆಪ್ತಸಲಹೆಗಾರ್ತಿ. ಅವರ ಮೊದಲ ಪ್ರಶ್ನೆ ರೋಗದ ಕುರಿತಾಗಿರಲಿಲ್ಲ. “ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ” ಎಂದರು. ಅಣ್ಣನವರು ಎರಡು ಕೈಗಳ ಬೆರಳುಗಳನ್ನೂ ಎತ್ತಿ ತೋರಿಸಿದರು. ವೈದ್ಯರ ಸೂಚನೆಯಂತೆ ನಾಲ್ಕು ಗಂಟೆಗೊಮ್ಮೆ, ನೋವು ಬರುವವರೆಗೆ ಕಾಯದೆ, ಮಾರ್ಫೀನ್ ಗುಳಿಗೆ ಮೊದಲಾಯಿತು. ಅದರಿಂದಾಗುವ ಮಲಬದ್ಧತೆಗೂ ಜೊತೆಯಲ್ಲೇ ಔಷಧ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಹಾಕಿದರೆ ವಾಸನೆ ತಗ್ಗುವುದೆಂದು ಅತ್ತಿಗೆಯವರಿಗೆ ಕಲಿಸಿಕೊಟ್ಟರು. ಮೂರನೆಯ ರಾತ್ರಿ ಅಣ್ಣನವರು ಮಲಗಿ ನಿದ್ರಿಸಿದರು. ವಾರ ಕಳೆಯುವಷ್ಟರಲ್ಲಿ ಮೊಮ್ಮಗಳು ಅವರ ಹಾಸಿಗೆಯ ಮೇಲೆ ಕುಳಿತು ಪಾಠ ಓದುತ್ತಿದ್ದಳು. ಹೊಲದ ಬದುವಿನ ವ್ಯಾಜ್ಯದಿಂದ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ದಾಯಾದಿಯನ್ನು ಅವರೇ ಕರೆಸಿ ಮಾತನಾಡಿಸಿದರು. ಅಣ್ಣನವರು ಉಳಿಯಲಿಲ್ಲ. ಆದರೆ ಏಳು ವಾರಗಳ ಕಾಲ ಅವರು ನಮಗೆ ಅಣ್ಣನವರಾಗಿಯೇ ದೊರೆತರು.

ಇಂಗ್ಲೆಂಡಿನಲ್ಲಿ ಮೊದಲು ದಾದಿಯಾಗಿ, ಅನಂತರ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾದ ಸಿಸಿಲಿ ಸೌಂಡರ್ಸ್ ಎಂಬ ಮಹಿಳೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯವನ್ನು ತೆರೆದು ಈ ಮಾರ್ಗಕ್ಕೆ ಆಧುನಿಕ ರೂಪ ಕೊಟ್ಟರು. ನೋವು ಶರೀರದ್ದು ಮಾತ್ರವಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು, ನಾಲ್ಕನ್ನೂ ಒಟ್ಟಿಗೆ ಉಪಚರಿಸಬೇಕು ಎಂಬುದು ಅವರ ತತ್ತ್ವದ ಸಾರ. ಭಾರತದಲ್ಲಿ ಇಂಥ ಮೊದಲ ಆಶ್ರಯ 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಅವೇದನಾ ಸದನ.

ಇಷ್ಟಾದರೂ ನೋವಿನ ಔಷಧ ಸುಲಭವಾಗಿ ದೊರೆಯಲಿಲ್ಲ. ಮಾರ್ಫೀನ್ ತಯಾರಾಗುವುದು ಅಫೀಮಿನಿಂದ. ಅಫೀಮು ನಮ್ಮ ದೇಶದಲ್ಲೇ ಸರ್ಕಾರದ ಪರವಾನಗಿಯಿಂದ ಬೆಳೆಯುವ ಬೆಳೆ. ಆದರೆ 1985ರ ಮಾದಕದ್ರವ್ಯ ಕಾಯಿದೆಯ ಕಟ್ಟುಪಾಡುಗಳಿಗೆ ಅಂಜಿ ಅನೇಕ ಆಸ್ಪತ್ರೆಗಳು ಆ ಔಷಧವನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯು ಹಾದಿಯನ್ನು ಸರಳಗೊಳಿಸಿತು. ಚಟ ಹತ್ತೀತೆಂಬ ಭಯ ಮಾತ್ರ ಮನೆಮನೆಯಲ್ಲಿ ಇನ್ನೂ ಉಳಿದಿದೆ. ವೈದ್ಯರ ನಿಗಾದಲ್ಲಿ, ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಆ ಭಯಕ್ಕೆ ಹೆಚ್ಚಿನ ಆಧಾರವಿಲ್ಲ.

ಔಷಧವೊಂದಿದ್ದರೆ ಸಾಲದು, ಅದರೊಡನೆ ಮನುಷ್ಯರೂ ಬೇಕು. ಇದನ್ನು ಚೆನ್ನಾಗಿ ಅರಿತುಕೊಂಡದ್ದು ನೆರೆಯ ಕೇರಳ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಸೇವಾಸಂಘವೊಂದನ್ನು ಕಟ್ಟಿದರು. ಆಸ್ಪತ್ರೆಗೆ ಬರಲಾರದ ರೋಗಿಗಳೇ ಹೆಚ್ಚೆಂದು ಕಂಡಾಗ, ಆಯಾ ಊರಿನವರೇ ತಮ್ಮ ನೆರೆಹೊರೆಯ ರೋಗಿಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೆಳೆಯಿತು. ವಾರಕ್ಕೆ ಎರಡು ಗಂಟೆಯ ಕಾಲ ಕೊಡಬಲ್ಲವರಿಗೆ ತರಬೇತಿ ನೀಡಿದರು. ಅವರಲ್ಲಿ ಉಪಾಧ್ಯಾಯರಿದ್ದರು, ಅಂಗಡಿಕಾರರಿದ್ದರು, ಕೂಲಿಗಾರರಿದ್ದರು, ಗೃಹಿಣಿಯರಿದ್ದರು. ಜನರು ಕೊಟ್ಟ ಚಿಕ್ಕಚಿಕ್ಕ ಕಾಣಿಕೆಗಳಿಂದಲೇ ಸೇವೆ ಬಹುಮಟ್ಟಿಗೆ ನಡೆಯಿತು. 2008ರಲ್ಲಿ ಕೇರಳ ಸರ್ಕಾರವು ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿತು. ನಮ್ಮ ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು.

ಸಹೃದಯರು ಇಲ್ಲಿ ಒಂದು ಕ್ಷಣ ಯೋಚಿಸಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದರೆ ಬೆನ್ನಹುಣ್ಣು ತಡೆಯಬಹುದು. ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ರಾತ್ರಿ ಕಾದು ಬಳಲಿದ ಮನೆಯಾಕೆಗೆ, “ನೀವು ಮಲಗಿಕೊಳ್ಳಿ ತಾಯಿ, ನಾನಿದ್ದೇನೆ” ಎನ್ನಬಹುದು. ಇವುಗಳಿಗೆ ವೈದ್ಯಪದವಿ ಬೇಡ, ಹಣವೂ ಬೇಡ. ಸ್ವಲ್ಪ ಕಲಿಕೆ, ಸ್ವಲ್ಪ ವೇಳೆ, ಅಸಹ್ಯಪಡದ ಮನಸ್ಸು ಸಾಕು.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ಇಂದು ಊರೂರುಗಳಲ್ಲಿದ್ದೇವೆ. ನಿವೃತ್ತರಾಗಿ ಕಾಲಾವಕಾಶವುಳ್ಳವರೂ ಕಡಮೆಯಿಲ್ಲ. ಹಸಿದವರಿಗೆ ಅನ್ನವಿಕ್ಕುವ ಪರಂಪರೆ ನಮಗೆ ಹೊಸದಲ್ಲ. ನೋವಿನಲ್ಲಿರುವವರ ಬಳಿ ಕುಳಿತುಕೊಳ್ಳುವುದೂ ಅದೇ ದಾಸೋಹದ ಇನ್ನೊಂದು ಮುಖ. ಪ್ರತಿ ಊರಿನಲ್ಲಿ ನಾಲ್ಕೈದು ಜನ ಕೂಡಿ, ಸಮೀಪದ ವೈದ್ಯರೊಬ್ಬರ ಮಾರ್ಗದರ್ಶನ ಪಡೆದು, ತಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು ಯಾರೆಂದು ಮೊದಲು ಪಟ್ಟಿ ಮಾಡಲಿ. ಮಿಕ್ಕ ಕೆಲಸವನ್ನು ಆ ಪಟ್ಟಿಯೇ ಕಲಿಸುತ್ತದೆ.