ರಸ್ತೆಯ ಮೇಲಿನ ಕಪ್ಪು ಬಳೆಗಳು

ಬೆಂಗಳೂರಿನಿಂದ ಹಾಸನದ ಕಡೆ ಬಂದಾಗಲೆಲ್ಲ ನೀವು ಚನ್ನರಾಯಪಟ್ಟಣದ ತೆಂಗಿನ ತೋಟಗಳನ್ನು ನೋಡಿರುತ್ತೀರಿ. ರಸ್ತೆಯನ್ನು ಯಾರು ನೋಡುತ್ತಾರೆ? ಕಳೆದ ಬೇಸಗೆಯಲ್ಲಿ ನಾನು ನೋಡಿದೆ. ಅಗಲವಾದ ಡಾಂಬರಿನ ಮೇಲೆ ಒಂದರೊಳಗೊಂದು ಸಿಕ್ಕಿಕೊಂಡ ಬಳೆಗಳಂತೆ ಕಪ್ಪು ಗುರುತುಗಳು. "ಅದು ಡ್ರಿಫ್ಟ್, ಖಾಲಾ" ಎಂದ, ನನ್ನನ್ನು ಕರೆದೊಯ್ಯಲು ಕಾರು ತಂದಿದ್ದ ಆಪಾಳ ಮಗ. ಅವನಿಗಿನ್ನೂ ಇಪ್ಪತ್ತು ತುಂಬಿಲ್ಲ.

ಆಪಾಳ ಮನೆ ಹೊಳೆನರಸೀಪುರದಲ್ಲಿ. ಮದುವೆ ಇದ್ದದ್ದು ಅರಕಲಗೂಡಿನಲ್ಲಿ. ಮರುದಿನ ನಾವಿಬ್ಬರೇ ಹಾಸನದಲ್ಲಿ ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ತೆಗೆದುಕೊಂಡು, ಮದುವೆ ಮನೆಗೆ ತಲುಪಿಸಲು ಗೊರೂರಿನ ದಾರಿ ಹಿಡಿದೆವು. ಹೇಮಾವತಿ ಅಣೆಕಟ್ಟೆಯ ಬಳಿ ಚಹಾ ಕುಡಿಯುವಾಗ ಅವನು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಧೂಳೆಬ್ಬಿಸುತ್ತ ಒಂದು ಕಾರು ಗಿರ್ರನೆ ತಿರುಗುತ್ತಿತ್ತು. ಹಿಂದೆ ಎದೆ ಗುದ್ದುವಂಥ ಹಾಡು.

ಆ ಸಂಗೀತಕ್ಕೆ 'ಫಾಂಕ್' ಎನ್ನುತ್ತಾರಂತೆ. 1990ರ ದಶಕದಲ್ಲಿ ಅಮೆರಿಕದ ಮೆಂಫಿಸ್ ನಗರದ ರ‍್ಯಾಪ್ ಕ್ಯಾಸೆಟ್ಟುಗಳಿಂದ ತುಣುಕುಗಳನ್ನು ಎತ್ತಿಕೊಂಡು ಹುಟ್ಟಿದ್ದು. ಕಾರಿನ ವಿಡಿಯೊಗಳಿಗೆ ಅಂಟಿಕೊಂಡಿರುವ ಅದರ ಬಗೆ ರಷ್ಯಾದ ಹುಡುಗರ ಕೈಯಲ್ಲಿ ಬೆಳೆಯಿತು. ಅದರಲ್ಲಿ ಮತ್ತೆ ಮತ್ತೆ ಬಡಿಯುವುದು ಯಂತ್ರದಿಂದ ಹೊರಡಿಸಿದ ದನದ ಗಂಟೆಯ ಸದ್ದು. ಅರಕಲಗೂಡಿನ ದಾರಿಯಲ್ಲಿ ಸಂಜೆ ದನಗಳು ಮನೆಗೆ ಮರಳುವಾಗ ಕೇಳುವ ಗಂಟೆಗೂ ಇದಕ್ಕೂ ಎಷ್ಟು ದೂರ!

ಡ್ರಿಫ್ಟ್ ಎಂಬುದು ಸುಮ್ಮನೆ ಬಂದ ವಿದ್ಯೆಯಲ್ಲ. 1970ರ ದಶಕದಲ್ಲಿ ಜಪಾನಿನ ರೇಸ್ ಚಾಲಕ ಕುನಿಮಿತ್ಸು ತಕಹಾಶಿ ತಿರುವುಗಳಲ್ಲಿ ಕಾರನ್ನು ಜಾರಿಸುತ್ತಿದ್ದರು. ಕೆಯಿಚಿ ತ್ಸುಚಿಯಾ ಅದನ್ನು ಲೋಕಪ್ರಸಿದ್ಧಗೊಳಿಸಿದರು. 2006ರ 'ಟೋಕಿಯೊ ಡ್ರಿಫ್ಟ್' ಸಿನಿಮಾ ಅದನ್ನು ಮನೆಮನೆಗೆ ತಂದಿತು. ಆದರೆ ಅದಕ್ಕೆ ಇಂಜಿನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ ಕಾರು ಬೇಕು. ನಮ್ಮ ಮನೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಓಡುವವು. ಹುಡುಗರು ವೇಗದಲ್ಲಿ ಸ್ಟೀರಿಂಗ್ ತಿರುಗಿಸಿ ಹ್ಯಾಂಡ್ ಬ್ರೇಕ್ ಎಳೆಯುತ್ತಾರೆ. ಹಿಂದಿನ ಚಕ್ರಗಳು ಬಿಗಿದುಕೊಂಡು ಕಾರಿನ ಹಿಂಭಾಗ ಬೀಸಿಕೊಂಡು ಹೋಗುತ್ತದೆ. ಅದು ಎಲ್ಲಿ ನಿಲ್ಲುತ್ತದೆಂಬುದು ಅವರ ಕೈಯಲ್ಲಿಲ್ಲ. ಎತ್ತರದ ಗಾಡಿಯಾದರೆ ಪಲ್ಟಿಯೇ ಹೊಡೆಯಬಹುದು.

ಭಾವ ರಿಯಾದ್‌ನಲ್ಲಿ ವರ್ಷಗಟ್ಟಲೆ ದುಡಿದವರು. ಅಲ್ಲಿ ಇದಕ್ಕೆ 'ತಫ್‌ಹೀತ್' ಎನ್ನುತ್ತಾರೆ. ನಗರದ ಹೊರಗಿನ ಅಗಲ ರಸ್ತೆಗಳಲ್ಲಿ, ಎಷ್ಟೋ ಸಲ ಬಾಡಿಗೆಯ ಅಥವಾ ಕದ್ದ ಕಾರುಗಳಲ್ಲಿ ನಡೆಯುತ್ತಿತ್ತು. ಚಾಲಕರನ್ನು ಹೊಗಳಿ ಹಾಡುಗಳೂ ಹುಟ್ಟಿದವು. ಪಾಸ್ಕಲ್ ಮೆನೊರೆ ಎಂಬ ಸಂಶೋಧಕರು 2014ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ಬರೆದರು. ಮಾಡಲು ಕೆಲಸವಿಲ್ಲದ, ಹೋಗಲು ಜಾಗವಿಲ್ಲದ ಹುಡುಗರ ಬೇಸರ ಅದರಲ್ಲಿ ಕಾಣುತ್ತದೆ. ನಮ್ಮೂರ ಹುಡುಗರದ್ದೂ ಬೇರೆ ಕತೆಯೇನಲ್ಲ ಎನಿಸಿತು.

"ಹಾಡಿಲ್ಲದ ವಿಡಿಯೊ ಇದೆಯೇನೋ?" ಎಂದು ಕೇಳಿದೆ. ಹಿಂಜರಿಯುತ್ತಲೇ ತೆಗೆದ. ಟೈರಿನ ಕಿರುಚು, ಗೆಳೆಯರ ಕೂಗು, ನಡುವೆ ಒಂದು ಮೊಪೆಡ್ಡಿನ ಹಾರ್ನ್. ಅದನ್ನು ಓಡಿಸುತ್ತಿದ್ದ ಮುದುಕರು ರಸ್ತೆಯಂಚಿಗೆ ಇಳಿದು ತಡವರಿಸಿದರು. ಅಷ್ಟರಲ್ಲಿ ಧೂಳು ಮುಚ್ಚಿತು. ಹಾಡಿದ್ದ ವಿಡಿಯೊದಲ್ಲಿ ಅವರು ಇರಲೇ ಇಲ್ಲ, ಕತ್ತರಿಸಿದ್ದರು. ಸ್ಟೀರಿಂಗ್ ಮೇಲಿದ್ದ ಕೈಯಲ್ಲಿ ಭಾವ ರಿಯಾದ್‌ನಿಂದ ತಂದಿದ್ದ ಗಡಿಯಾರವಿತ್ತು.

ಪಕ್ಕದಲ್ಲಿ ಕುಳಿತವನು ಪಿಯುಸಿ ಹುಡುಗ. ಅವನೂ ಓಡಿಸುತ್ತಾನಂತೆ. ಸೋದರಿಯರೇ, 2019ರ ತಿದ್ದುಪಡಿಯ ಪ್ರಕಾರ ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ ಇಪ್ಪತ್ತೈದರವರೆಗೆ ಲೈಸೆನ್ಸ್ ಇಲ್ಲ.

ಅಂದು ರಾತ್ರಿ ಹೊಳೆನರಸೀಪುರದಲ್ಲಿ ಊಟವಾದ ಮೇಲೆ, ಹಾಡಿಲ್ಲದ ವಿಡಿಯೊವನ್ನು ಅವನ ಕೈಯಿಂದಲೇ ಆಪಾಳಿಗೆ ತೋರಿಸಿಸಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೊನೆಯವರೆಗೂ ನೋಡಿ, ಫೋನನ್ನು ಮಗನಿಗೆ ಹಿಂತಿರುಗಿಸಿದಳು.

"ಆ ಮೊಪೆಡ್ಡಿನವರು ಮನೆ ಸೇರಿದರಾ?" ಎಂದಳು.

ಅವನಿಗೆ ಗೊತ್ತಿರಲಿಲ್ಲ.