ಸೈಕಲ್ಲಿನ ಸೀಟು ಮತ್ತು ಗಂಡಸರ ಮೌನ

ಪುಣೆಯಲ್ಲಿ ನಾವು ನಾಲ್ವರು ಪ್ರತಿ ಭಾನುವಾರ ಬೆಳಗಿನ ಐದೂವರೆಗೆ ಸೈಕಲ್ ಹತ್ತುತ್ತೇವೆ. ನಾಲ್ವರೂ ಕೇಂದ್ರ ಸರ್ಕಾರದ ನೌಕರರು, ನಲವತ್ತು ದಾಟಿದವರು, ಕನ್ನಡಿಗರು. ಇಬ್ಬರು ಧಾರವಾಡದ ಕಡೆಯವರು, ಒಬ್ಬರು ಶಿವಮೊಗ್ಗದವರು, ಮತ್ತೊಬ್ಬರು ಮಂಡ್ಯದವರು. ವರ್ಗಾವಣೆಯ ಗಾಳಿ ನಮ್ಮನ್ನು ಒಂದೇ ವಸತಿಗೃಹಗಳ ಆವರಣಕ್ಕೆ ತಂದು ಹಾಕಿತು. ವೈದ್ಯರು ಹೇಳಿದ ‘ವ್ಯಾಯಾಮ’ ಎಂಬ ಮಾತು ಒಂದೇ ರಸ್ತೆಗೆ ಇಳಿಸಿತು. ಖಡಕವಾಸ್ಲಾ ಅಣೆಕಟ್ಟಿನವರೆಗೆ ಹೋಗಿ, ದಂಡೆಯ ಮೇಲೆ ಪೋಹೆ ತಿಂದು, ಚಹಾ ಕುಡಿದು ಹಿಂದಿರುಗುವುದು ನಮ್ಮ ವಾಡಿಕೆ. ಒಂದು ಕಾಲದಲ್ಲಿ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಊರಿನಲ್ಲಿ ನಮ್ಮದೊಂದು ಅಲ್ಪ ಕಾಣಿಕೆ ಇದು ಎಂದು ನಾವು ಒಳಗೊಳಗೇ ಬೀಗುತ್ತಿದ್ದೆವು.

ಬೀಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಾವೆಲ್ಲ ಅಪ್ಪನ ಸೈಕಲ್ಲಿನಲ್ಲಿ ಕಲಿತವರು. ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ, ಸೊಂಟವನ್ನು ಓರೆ ಮಾಡಿ, ಅರ್ಧ ಪೆಡಲು ತುಳಿಯುತ್ತ ಊರು ಸುತ್ತಿದವರು. ಆ ಸೈಕಲ್ಲಿನ ಚರ್ಮದ ಸೀಟು ನಮ್ಮ ಪಾಲಿಗೆ ಸಿಂಹಾಸನವಾಗಿತ್ತು. ಅಗಲವಾದ ಸೀಟು, ಕೆಳಗೆ ದಪ್ಪನೆಯ ಸ್ಪ್ರಿಂಗುಗಳು, ಅಪ್ಪನ ಕುಳಿತ ಗುರುತಿನಂತೆ ನಡುವೆ ತುಸು ತಗ್ಗು. ಅದರ ಮೇಲೆ ಕುಳಿತು ಎರಡೂ ಕಾಲು ಪೆಡಲಿಗೆ ನಿಲುಕಿದ ದಿನ, ಹುಡುಗನಾಗಿದ್ದವನು ಗಂಡಸಾದ ದಿನ. ಆ ಸಂಜೆ ಊಟಕ್ಕೆ ಕುಳಿತಾಗ ನಮ್ಮ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಸೀಟಿಗೂ ಆತ್ಮವಿಶ್ವಾಸಕ್ಕೂ ಇರುವ ಸಂಬಂಧವನ್ನು ನಾವು ಅಂದೇ ಅರಿತಿದ್ದೆವು. ಅದರ ಇನ್ನೊಂದು ಮುಖವನ್ನು ಅರಿಯಲು ಮೂವತ್ತು ವರ್ಷ ಬೇಕಾಯಿತು.

ಈಗ ನಾವು ಕೊಂಡ ಸೈಕಲ್ಲುಗಳು ಹಗುರ. ಗೇರುಗಳುಳ್ಳವು, ಬಾಗಿ ತುಳಿಯುವಂಥವು. ಅವುಗಳ ಸೀಟೋ, ಹಿಂದೆ ಅಂಗೈಯಗಲ, ಮುಂದೆ ಸೌಟಿನ ಹಿಡಿಯಂತೆ ಸಪೂರ. ಮೊದಲ ವಾರ ಪೃಷ್ಠ ನೋಯುವುದು ಸಹಜವೆಂದು ಅಂಗಡಿಯವರು ಹೇಳಿದ್ದರು. ಆ ನೋವನ್ನು ನಾವು ಪರಸ್ಪರ ಹೇಳಿಕೊಂಡು ನಕ್ಕೆವು. ಹೇಳಿಕೊಳ್ಳದೆ ಉಳಿದದ್ದು ಬೇರೆ. ಮುಕ್ಕಾಲು ಗಂಟೆ ತುಳಿಯುವಷ್ಟರಲ್ಲಿ ತೊಡೆಸಂದಿಯಲ್ಲಿ ಜೋಮು ಹಿಡಿಯುತ್ತಿತ್ತು. ಇಳಿದಾಗ ದೇಹದ ಆ ಭಾಗ ನಮ್ಮದೇ ಹೌದೋ ಅಲ್ಲವೋ ಎಂಬಷ್ಟು ಮರಗಟ್ಟಿರುತ್ತಿತ್ತು.

ಒಬ್ಬರು ದಾರಿಯಲ್ಲಿ ಹಕ್ಕಿಯ ಚಿತ್ರ ತೆಗೆಯಬೇಕೆಂದು ಇಳಿಯುತ್ತಿದ್ದರು. ಇನ್ನೊಬ್ಬರ ಚೈನು ಪದೇ ಪದೇ ಕಳಚುತ್ತಿತ್ತು. ಮತ್ತೊಬ್ಬರಿಗೆ ಮನೆಯಿಂದ ದೂರವಾಣಿ ಕರೆ ಬರುತ್ತಿತ್ತು. ಹಕ್ಕಿಯೂ ಇರಲಿಲ್ಲ, ಚೈನೂ ಕಳಚಿರಲಿಲ್ಲ, ಬೆಳಗಿನ ಆರೂಕಾಲಿಗೆ ಯಾರ ಮನೆಯಲ್ಲೂ ಯಾರೂ ಎದ್ದಿರಲಿಲ್ಲ. ಇವೆಲ್ಲ ರಕ್ತ ಸಂಚಾರವಾಗಲೆಂದು ನಿಲ್ಲುವ ನೆಪಗಳೆಂದು ತಿಳಿಯಲು ನಮಗೆ ಏಳು ತಿಂಗಳು ಹಿಡಿಯಿತು.

ಆ ಏಳು ತಿಂಗಳಲ್ಲಿ ನಮ್ಮಲ್ಲೊಬ್ಬರು ಕುಗ್ಗಿದರು. ಯಾರೆಂದು ಹೇಳುವುದಿಲ್ಲ, ಅದು ನಾಲ್ವರಲ್ಲಿ ಯಾರಾದರೂ ಆಗಬಹುದಿತ್ತು. ಅವರಿಗೆ ಜೋಮು ಸಂಜೆಯವರೆಗೂ ಇಳಿಯದಾಯಿತು. ಒಂದು ರಾತ್ರಿ ದೇಹ ಮನಸ್ಸಿನ ಮಾತು ಕೇಳಲಿಲ್ಲ. ಮುಂದಿನ ವಾರವೂ ಹಾಗೆಯೇ ಆಯಿತು. ಮೂರನೆಯ ಬಾರಿ ಸೋಲಬಾರದೆಂದು ಅವರು ಪ್ರಯತ್ನವನ್ನೇ ಕೈಬಿಟ್ಟರು. ಟೀವಿ ನೋಡುವ ನೆಪದಲ್ಲಿ ಹಾಲಿನಲ್ಲಿ ಮಲಗತೊಡಗಿದರು. ತನ್ನಿಂದ ಏನು ತಪ್ಪಾಯಿತೆಂದು ಹೆಂಡತಿ ಕೊರಗಿದರೆ, ಅದನ್ನು ಕೇಳಿಸಿಕೊಳ್ಳುವ ಧೈರ್ಯವೂ ಅವರಲ್ಲಿ ಉಳಿಯಲಿಲ್ಲ. ಕಚೇರಿಯಲ್ಲಿ ಕಡತದ ಟಿಪ್ಪಣಿಗಳು ತಡವಾದವು. ಸಭೆಯಲ್ಲಿ ಅವರ ದನಿ ತಗ್ಗಿತು. ಮಗನ ಮೇಲೆ ಕಾರಣವಿಲ್ಲದೆ ಸಿಡುಕಿದರು. ಇದು ವಯಸ್ಸು, ಇನ್ನು ತನ್ನದು ಮುಗಿಯಿತು ಎಂದು ತಮ್ಮಷ್ಟಕ್ಕೇ ತೀರ್ಪು ಬರೆದುಕೊಂಡರು. ಆ ತೀರ್ಪಿಗೆ ಮೇಲ್ಮನವಿ ಸಲ್ಲಿಸಬಹುದೆಂದು ಅವರಿಗೆ ತೋಚಲೇ ಇಲ್ಲ.

ಮಳೆಗಾಲ ಮುಗಿದ ಒಂದು ಭಾನುವಾರ ಅಣೆಕಟ್ಟಿನ ದಂಡೆಯ ಮೇಲೆ ಅವರು ಸೈಕಲ್ಲನ್ನು ಮಾರುವುದಾಗಿ ಹೇಳಿದರು.

“ಯಾಕ್ರೀ, ಏನಾತು?” ಎಂದರು ಧಾರವಾಡದ ಹಿರಿಯ ಮಿತ್ರರು.

“ಏನೂ ಇಲ್ಲ.”

“ಏನೂ ಇಲ್ಲಂದ್ರ ಯಾರಾದ್ರೂ ಸೈಕಲ್ ಮಾರ್ತಾರೇನ್ರೀ?” ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, ದನಿ ತಗ್ಗಿಸಿ ಅವರೇ ಕೇಳಿದರು: “ಕೆಳಗ ಜೋಮು ಹಿಡಿತದೇನು? ನನಗೂ ಹಿಡಿತದ.”

ಆ ಒಂದು ವಾಕ್ಯದಿಂದ ಕಟ್ಟೆ ಒಡೆಯಿತು. ನಾಲ್ವರೂ ಮಾತನಾಡಿದೆವು. ಹಕ್ಕಿಯ ನೆಪ, ಚೈನಿನ ನೆಪ ಎಲ್ಲ ಹೊರಬಂದವು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ಒಬ್ಬರ ಕಣ್ಣೀರು ನಗುವಿನದಾಗಿರಲಿಲ್ಲ.

ಮರುದಿನದಿಂದ ನಾವು ಈ ವಿಷಯವನ್ನು ಕಡತದಂತೆ ಕೈಗೆತ್ತಿಕೊಂಡೆವು. ತಿಳಿದದ್ದು ಇಷ್ಟು. ನಾವು ಕುಳಿತಾಗ ಭಾರ ಹೊರಬೇಕಾದವು ಪೃಷ್ಠದೊಳಗಿನ ಎರಡು ಮೂಳೆಗಳು. ಅವುಗಳ ನಡುವಿನ ಮೆತ್ತನೆಯ ಭಾಗದಲ್ಲಿ ಜನನಾಂಗಕ್ಕೆ ಹೋಗುವ ರಕ್ತನಾಳಗಳೂ ಪುಡೆಂಡಲ್ ಎಂಬ ನರವೂ ಹಾದುಹೋಗುತ್ತವೆ. ಸೀಟು ಆ ಮೂಳೆಗಳಿಗೆ ಆಧಾರ ಕೊಡದಿದ್ದರೆ, ಅಥವಾ ಅದರ ಮೂತಿ ಮೇಲಕ್ಕೆದ್ದಿದ್ದರೆ, ಭಾರವೆಲ್ಲ ನಡುವೆ ಬಿದ್ದು ನರ ಅದುಮಿಹೋಗುತ್ತದೆ. ಜೋಮು ಎಂಬುದು ಆ ನರದ ದೂರು.

ದೂರು ಹೊಸದೇನಲ್ಲ. 1900ರಲ್ಲಿ ಪ್ರಕಟವಾದ ಜೆರೋಮ್ ಕೆ. ಜೆರೋಮನ ‘ತ್ರೀ ಮೆನ್ ಆನ್ ದಿ ಬಮ್ಮೆಲ್’ ಕಾದಂಬರಿಯಲ್ಲಿ ಗೆಳೆಯರು ಸುಖಕರ ಸೀಟಿನ ಹುಡುಕಾಟದ ಬಗ್ಗೆ ವಾದಿಸುತ್ತಾರೆ. ಇಂಗ್ಲಿಷ್ ಎಂ.ಎ. ತರಗತಿಯ ದಿನಗಳಲ್ಲಿ ಅದನ್ನು ಬರಿಯ ಹಾಸ್ಯವೆಂದು ಓದಿ ನಕ್ಕಿದ್ದೆವು. ಈಗ ಅದು ವಾಸ್ತವವಾದದಂತೆ ಕಾಣುತ್ತದೆ. 1997ರಲ್ಲಿ ಬೋಸ್ಟನ್ನಿನ ತಜ್ಞವೈದ್ಯ ಇರ್ವಿನ್ ಗೋಲ್ಡ್‌ಸ್ಟೀನ್ ಅವರು ಸೈಕಲ್ ಸೀಟಿನಿಂದ ಪುರುಷತ್ವಕ್ಕೆ ಅಪಾಯವಿದೆಯೆಂದು ಎಚ್ಚರಿಸಿದಾಗ ಅಮೆರಿಕದ ಸವಾರರಲ್ಲಿ ದೊಡ್ಡ ಗಾಬರಿ ಎದ್ದಿತ್ತು. ಅಲ್ಲಿಯ ವೃತ್ತಿ ಆರೋಗ್ಯ ಸಂಸ್ಥೆಯಾದ ನಿಯಾಷ್, ಸೈಕಲ್ಲಿನ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಮೂತಿಯಿಲ್ಲದ ಸೀಟು ಕೊಟ್ಟು ಆರು ತಿಂಗಳು ಗಮನಿಸಿತು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸವಾರಿಯಲ್ಲಿ ಮರಗಟ್ಟುವಿಕೆ ಇಲ್ಲವೆಂದವರ ಪ್ರಮಾಣ ಶೇ. 27ರಿಂದ ಶೇ. 82ಕ್ಕೆ ಏರಿತು. ಇನ್ನು 2018ರಲ್ಲಿ ಸೈಕಲ್ ಸವಾರರನ್ನು ಈಜುಗಾರರು ಮತ್ತು ಓಟಗಾರರೊಂದಿಗೆ ಹೋಲಿಸಿದ ಒಂದು ದೊಡ್ಡ ಸಮೀಕ್ಷೆ, ಸವಾರರ ಲೈಂಗಿಕ ಆರೋಗ್ಯ ಉಳಿದವರಿಗಿಂತ ಕೆಟ್ಟದಾಗೇನೂ ಇಲ್ಲವೆಂದಿತು; ಆಗಾಗ ಸೀಟಿನಿಂದೆದ್ದು ತುಳಿಯುವವರಲ್ಲಿ ಮರಗಟ್ಟುವಿಕೆ ಕಡಿಮೆಯೆಂದೂ ಹೇಳಿತು. ಗಾಬರಿಗೂ ಅಸಡ್ಡೆಗೂ ನಡುವೆ ಒಂದು ದಾರಿ ಇದೆಯೆಂದು ನಮಗೆ ಇದರಿಂದ ಸಮಾಧಾನವಾಯಿತು.

ಆ ದಾರಿ ತೋರಿಸಿದವರು ಪೇಟೆಯ ಹಳೆಯ ಸೈಕಲ್ ಅಂಗಡಿಯ ಕಾಕಾ. ನಮ್ಮ ಮಿತ್ರರು ನೋವು ತಾಳದೆ ಸೀಟಿನ ಮೇಲೆ ದಪ್ಪನೆಯ ಜೆಲ್ ಕವಚ ಹಾಕಿಸಿಕೊಂಡಿದ್ದರು. ಕಾಕಾ ಮೊದಲು ಅದನ್ನು ಕಿತ್ತು ಪಕ್ಕಕ್ಕಿಟ್ಟರು. ಅತಿ ಮೆತ್ತನೆಯ ಸೀಟಿನಲ್ಲಿ ಮೂಳೆಗಳು ಹೂತುಹೋಗಿ ನಡುವಿನ ಭಾಗ ಉಬ್ಬಿ ಬಂದು ಒತ್ತುತ್ತದೆಯೆಂದು ತಮ್ಮ ಹೆಬ್ಬೆರಳಿನಿಂದ ಅದುಮಿ ತೋರಿಸಿದರು. ಆಮೇಲೆ ಒಂದು ಹಳೆಯ ರಟ್ಟಿನ ತುಂಡನ್ನು ಸ್ಟೂಲಿನ ಮೇಲಿಟ್ಟು, “ಕುಳಿತುಕೊಳ್ಳಿ, ಸಾಹೇಬ್” ಎಂದರು. ಎದ್ದಾಗ ರಟ್ಟಿನ ಮೇಲೆ ಎರಡು ತಗ್ಗುಗಳು. ಅವುಗಳ ನಡುವಿನ ಅಂತರ ಅಳೆದು, ಅದಕ್ಕಿಂತ ತುಸು ಅಗಲವಾದ, ನಡುವೆ ಸೀಳಿರುವ ಗಟ್ಟಿ ಸೀಟನ್ನು ಕೂರಿಸಿದರು. ಪೆಡಲು ಕೆಳಗಿದ್ದಾಗ ಹಿಮ್ಮಡಿ ಅದಕ್ಕೆ ತಾಗಿ ಮೊಣಕಾಲು ನೆಟ್ಟಗಾಗುವಷ್ಟಕ್ಕೆ ಎತ್ತರ ಇಳಿಸಿದರು. ಮೇಲೆದ್ದಿದ್ದ ಮೂತಿಯನ್ನು ಸಮ ಮಾಡಿದರು. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಲು ಹೇಳಿದರು. ಇಷ್ಟಕ್ಕೆ ಮುಗಿಯಿತು.

ಸವಾರಿಯ ಚಡ್ಡಿಯ ಪಾಠ ಪ್ರತ್ಯೇಕ. ಒಳಗೆ ಮೆತ್ತೆಯಿರುವ ಆ ಚಡ್ಡಿಯ ಅಡಿಯಲ್ಲಿ ಬೇರೆ ಒಳ ಉಡುಪು ಧರಿಸಬಾರದಂತೆ. ಹೊಲಿಗೆ ಒತ್ತಿ ಚರ್ಮ ಉಜ್ಜಿಹೋಗುತ್ತದೆ. ಇಪ್ಪತ್ತು ವರ್ಷ ಸೇವಾ ನಿಯಮಾವಳಿಗೆ ತಲೆಬಾಗಿದ ನಮಗೆ ಈ ನಿಯಮವೇ ಅತ್ಯಂತ ಕಠಿಣವೆನಿಸಿತು.

ಆದರೆ ದೋಷವನ್ನೆಲ್ಲ ಸೀಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಒತ್ತಾಯಕ್ಕೆ ಮಿತ್ರರು ವೈದ್ಯರನ್ನೂ ಕಂಡರು. ಕೆಲವು ವಾರ ಸೈಕಲ್ ಬಿಟ್ಟಿರಲು ಹೇಳಿ, ವೈದ್ಯರು ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿದರು. ಈ ತೊಂದರೆ ಕೆಲವೊಮ್ಮೆ ರಕ್ತನಾಳಗಳ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದೆಂದರು. ಸಕ್ಕರೆ ಗಡಿಯಂಚಿನಲ್ಲಿತ್ತು. ಸೀಟಿನ ನೆಪದಿಂದ ಅದು ಸಕಾಲದಲ್ಲಿ ತಿಳಿಯಿತು. ನರ ಚೇತರಿಸಿಕೊಂಡಿತು, ಜೋಮು ಹೋಯಿತು. ಉಳಿದದ್ದಕ್ಕೆ ಇನ್ನೂ ಕೆಲವು ತಿಂಗಳು ಬೇಕಾದವು, ಏಕೆಂದರೆ ಅಷ್ಟರಲ್ಲಿ ನರಕ್ಕಿಂತ ಹೆಚ್ಚಾಗಿ ಮನಸ್ಸು ಮರಗಟ್ಟಿತ್ತು. ಹೆಂಡತಿಗೆ ಎಲ್ಲವನ್ನೂ ಹೇಳಿದ ರಾತ್ರಿ ಅವರು ಕೇಳಿದರಂತೆ: “ಇಷ್ಟೇನಾ? ನಾನು ಏನೇನೋ ಅಂದ್ಕೊಂಡಿದ್ದೆ.” ಮಿತ್ರರ ಹಾಸಿಗೆ ಹಾಲಿನಿಂದ ಕೋಣೆಗೆ ಮರಳಿತು.

ಅಪ್ಪಂದಿರೂ ಇದನ್ನು ಅನುಭವಿಸಿದ್ದರೇ ಎಂದು ನಾವು ಒಮ್ಮೊಮ್ಮೆ ಯೋಚಿಸುತ್ತೇವೆ. ನೆಟ್ಟಗೆ ಕುಳಿತು ತುಳಿಯುವ ಅವರ ಸೈಕಲ್ಲು, ಅಗಲದ ಚರ್ಮದ ಸೀಟು ಅವರನ್ನು ಕಾಪಾಡಿರಬಹುದು. ಕಾಪಾಡದೆ ಇದ್ದಿದ್ದರೂ ಅವರು ನಮಗೆ ಹೇಳುತ್ತಿರಲಿಲ್ಲ. ನೋವನ್ನು ನುಂಗುವುದೇ ಗಂಡಸುತನವೆಂದು ಅವರಿಂದ ನಾವು ಮಾತಿಲ್ಲದೆಯೇ ಕಲಿತೆವು. ಆ ಪಾಠವನ್ನು ಮುಂದಿನ ತಲೆಮಾರಿಗೆ ದಾಟಿಸುವ ಮನಸ್ಸು ನಮಗಿಲ್ಲ.

ಕಳೆದ ತಿಂಗಳು ವಿಜಯಪುರದ ಕಡೆಯ ತರುಣರೊಬ್ಬರು ವರ್ಗವಾಗಿ ಬಂದು ನಮ್ಮ ಭಾನುವಾರದ ಗುಂಪಿಗೆ ಸೇರಿದರು. ಮೊದಲ ದಿನವೇ ಅರ್ಧ ದಾರಿಯಲ್ಲಿ ಇಳಿದು, ದೂರದ ಮರದ ಕಡೆ ಮೊಬೈಲು ಹಿಡಿದು ನಿಂತರು. ಹಕ್ಕಿ ಇದೆಯೆಂದರು. ಧಾರವಾಡದ ಮಿತ್ರರು ತಮ್ಮ ಸೈಕಲ್ಲನ್ನು ನಿಲ್ಲಿಸಿ, ಅವರ ಸೀಟಿನ ಮೂತಿಯನ್ನೊಮ್ಮೆ ನೋಡಿ, ಚೀಲದಿಂದ ಪಾನಾ ತೆಗೆದರು. “ಹಕ್ಕಿ ಇರ್ಲಿ ಬಿಡ್ರೀ ತಮ್ಮಾ, ಮೊದಲ ಇದನ್ನ ಸರಿ ಮಾಡೂಣು” ಎಂದರು.